ಚಾರ್ಲಿ ಸತ್ತಿಲ್ಲ

ನನ್ನ ಅಜ್ಜಿ ವೆಮಾಲಿ ಸಾಯುವ ತನಕ ಕುದುರೆಯ ಸದ್ದಿಗೆ ಹೆದರುತ್ತಿದ್ದಳು. ಮೆಕಾಯ್ ಊರಿಗೆ ಮೋಟಾರು ಲಾರಿಗಳು ಬಂದು, ಕುದುರೆಗಳು ಹಾಲಿನ ಗಾಡಿಗಷ್ಟೇ ಉಳಿದಿದ್ದ ಕಾಲದಲ್ಲೂ ಗೊರಸಿನ ಸಪ್ಪಳ ಕೇಳಿದರೆ ಅವಳ ಕೈಯಲ್ಲಿದ್ದ ಪಾತ್ರೆ ನೆಲಕ್ಕೆ ಬೀಳುತ್ತಿತ್ತು. ಕಬ್ಬಿನ ತೋಟದಲ್ಲಿ ಮೇಸ್ತ್ರಿ ಕುದುರೆಯ ಮೇಲೆ ಬರುತ್ತಿದ್ದ.

ಇನ್ನೊಂದು ಅಭ್ಯಾಸವೂ ಇತ್ತು. ನೆಲದ ಮೇಲೆ ಹೆಜ್ಜೆಗುರುತು ಕಂಡರೆ ನಿಂತುಬಿಡುತ್ತಿದ್ದಳು. ಬಗ್ಗಿ ನೋಡಿ, ಸುತ್ತು ಹಾಕಿಕೊಂಡು ಹೋಗುತ್ತಿದ್ದಳು. ನಾವು ಮಕ್ಕಳು ಅದನ್ನು ಆಟವೆಂದುಕೊಂಡು ಅವಳ ಹಿಂದೆಯೇ ಸುತ್ತುತ್ತಿದ್ದೆವು.

ಅಜ್ಜಿ ಹುಟ್ಟಿದ ಆಂಬೆ ದ್ವೀಪದಲ್ಲಿ ತಂಗಿ ದೊಡ್ಡವಳಾದ ಮೇಲೆ ಅಣ್ಣನ ಮುಖ ನೋಡುವುದಿಲ್ಲ. ಅವನಿರುವ ಮನೆಯೊಳಗೆ ಕಾಲಿಡುವುದಿಲ್ಲ. ಅವನ ಹೆಸರು ಎತ್ತುವುದಿಲ್ಲ. ಮರಳಿನ ಮೇಲೆ ಅವನ ಹೆಜ್ಜೆ ಮೂಡಿದ್ದರೆ ಅದರ ಹಿಂದೆ ನಡೆಯುವುದಿಲ್ಲ. ಇದು ಹಗೆಯಲ್ಲ, ಮರ್ಯಾದೆ. ಒಬ್ಬರಿಂದ ದೂರ ಇರಬೇಕಾದರೆ ಅವರು ಎಲ್ಲಿದ್ದಾರೆಂದು ಸದಾ ತಿಳಿದಿರಬೇಕು. ಅದಕ್ಕೇ ಅಣ್ಣನ ಪಾದ ತಂಗಿಗೆ ಗೊತ್ತಿರುವಷ್ಟು ಅವನನ್ನು ಹೆತ್ತವಳಿಗೂ ಗೊತ್ತಿರುವುದಿಲ್ಲ.

ಅವಳನ್ನೂ ಅವಳ ಅಣ್ಣನನ್ನೂ ಒಂದೇ ಹಡಗಿನಲ್ಲಿ ಕಡಲಾಚೆಯಿಂದ ಬಿಳಿಯರ ಈ ದೇಶಕ್ಕೆ, ಮೆಕಾಯ್‌ಗೆ ತಂದರು. ಆಲ್ಡರ್ಟನ್ ದೊರೆಯ ತೋಟಕ್ಕೆ ಮೂರು ವರ್ಷದ ಕರಾರಿನ ಮೇಲೆ ಕೊಟ್ಟರು. ಇಳಿದ ದಿನವೇ ಹೆಸರು ಹೋಯಿತು. ಹೆಂಗಸರೆಲ್ಲ ಮೇರಿ. ಗಂಡಸರು ಟಾಮಿ, ಜಾಕಿ, ಚಾರ್ಲಿ. ಮೇಸ್ತ್ರಿ ಕ್ರಾಡಾಕ್ ಬೆರಳು ತೋರಿಸುತ್ತಾ ಹೋದ, ಹೆಸರು ಬೀಳುತ್ತಾ ಹೋಯಿತು. ಅಜ್ಜಿ ಮೇರಿಯಾದಳು. ಅವಳ ಅಣ್ಣ ಚಾರ್ಲಿಯಾದ. ತೋಟದಲ್ಲಿ ಆಗಲೇ ಎಷ್ಟೋ ಮಂದಿ ಚಾರ್ಲಿಗಳಿದ್ದರು.

ಕೆಲಸ ಬೆಳಕು ಹರಿಯುವ ಮುಂಚೆ ಶುರು. ಕಬ್ಬಿನ ಗರಿ ಚೂರಿಯಂತೆ ಕೊಯ್ಯುತ್ತದೆ. ಅವಳ ಮುಂಗೈ ತುಂಬ ಗೀರುಗಳು. ಬೆವರು ಇಳಿದರೆ ಉರಿ. ಕಳೆ ತೆಗೆಯುವ ಹೆಂಗಸರು ಸೊಂಟ ಎತ್ತುವಂತಿಲ್ಲ. ಎತ್ತಿದರೆ ಗೊರಸಿನ ಸದ್ದು ಹತ್ತಿರ ಬರುತ್ತಿತ್ತು. ತಿನ್ನಲು ಹುಳ ಹಿಡಿದ ಹಿಟ್ಟಿನ ರೊಟ್ಟಿ, ಗೆಣಸು. ಅಣ್ಣನ ಗುಂಪು ಬೇರೆ, ಅವಳ ಗುಂಪು ಬೇರೆ. ಬೆಳಿಗ್ಗೆ ದಾರಿಯ ಧೂಳಿನಲ್ಲಿ ಅವನ ಬಲಗಾಲಿನ ಗುರುತು ನೋಡುತ್ತಿದ್ದಳು. ಹವಳದ ಬಂಡೆ ಕೊಯ್ದು ಕಿರುಬೆರಳು ಹೊರಕ್ಕೆ ಸೊಟ್ಟಗಾಗಿದ್ದ ಕಾಲು. ಇದ್ದಾನೆ, ಈ ಕಡೆಯಿಂದ ಹೋಗಿದ್ದಾನೆ ಎಂದುಕೊಂಡು ಬೇರೆ ದಾರಿ ಹಿಡಿಯುತ್ತಿದ್ದಳು. ಅವಳ ದಿನಕ್ಕೆ ಅಷ್ಟೇ ಸುಖ.

ಕೊನೆಯ ವರ್ಷ ಕಬ್ಬು ಅರೆಯುವ ಕಾಲದಲ್ಲಿ ರಕ್ತಭೇದಿ ಬಂತು. ಮಲಗಿದವರನ್ನು ಕ್ರಾಡಾಕ್ ಎಬ್ಬಿಸಿದ. ಆಲೆಮನೆಯ ಒಲೆ ಆರುವಂತಿರಲಿಲ್ಲ. ಅಜ್ಜಿ ಹೆಜ್ಜೆಗಳನ್ನು ನೋಡಿದಳು. ಬಲಗಾಲು ಎಳೆದುಕೊಂಡು ಹೋಗಿತ್ತು. ಮರುದಿನ ಎರಡೂ ಕಾಲು ಎಳೆದುಕೊಂಡು ಹೋಗಿದ್ದವು. ಪಕ್ಕದಲ್ಲಿ ಬೂಟಿನ ಗುರುತು. ಅದರ ಮರುದಿನ ಹೆಜ್ಜೆಯೇ ಇರಲಿಲ್ಲ. ಆಲೆಮನೆಯ ಹಿಂಬಾಗಿಲಿನಿಂದ ಒಂಟಿಗಾಲಿ ಕೈಗಾಡಿಯ ಗೆರೆಯೊಂದು ಜವುಗಿನ ಕಡೆಗೆ ಹೋಗಿತ್ತು.

ಆ ಗೆರೆಯ ಹಿಂದೆ ಅವಳು ನಡೆದಳು.

ಜವುಗಿನ ಅಂಚಿನಲ್ಲಿ ಉದ್ದನೆಯ ಗುಂಡಿ. ಮೇಲೆ ಕಬ್ಬಿನ ಸೋಗೆ ಹರಡಿದ್ದರು. ಸೋಗೆಯ ಕೆಳಗಿನಿಂದ ಪಾದಗಳು ಹೊರಗೆ ಚಾಚಿದ್ದವು. ಒಂದು ಪಾದದ ಕಿರುಬೆರಳು ಸೊಟ್ಟಗಿತ್ತು. ಅವಳು ಸೋಗೆ ಸರಿಸಲಿಲ್ಲ. ಸತ್ತ ಮೇಲೂ ಮುಖ ನೋಡುವಂತಿಲ್ಲ. ಎರಡೂ ಕೈಯಲ್ಲಿ ಕೆಸರು ತೋಡಿ ಆ ಪಾದಗಳ ಮೇಲೆ ಹಾಕಿದಳು. ಉಗುರು ಕಿತ್ತುಬಂತು. ಆಮೇಲೆ ಕುದುರೆಯ ಸದ್ದು ಕೇಳಿಸಿತು. ಕಬ್ಬಿನೊಳಗೆ ಹೊಟ್ಟೆಯ ಮೇಲೆ ಮಲಗಿದಳು. ಹೆದರಿಕೆಗೆ ಅಲ್ಲೇ ಉಚ್ಚೆ ಹೋಯಿತು.

ಆ ವಾರ ತೋಟದಲ್ಲಿ ಹೇಳಿದರು: ಚಾರ್ಲಿ ಓಡಿಹೋದ.

*

ಕರಾರು ಮುಗಿದ ಮೇಲೆ ಊರಿಗೆ ಹೋಗುವ ಹಡಗಿಗೆ ಕಾಯುತ್ತಾ ಅವಳು ಪೇಟೆಯಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಟ್ರೆಲೋರ್ ಎಂಬವರ ಮನೆ. ಮುಂದಿನ ಕೋಣೆಯಲ್ಲಿ ಅಚ್ಚುಕೂಟ. ವಾರಕ್ಕೊಮ್ಮೆ ಹೊರಡುವ ಸಣ್ಣ ಪತ್ರಿಕೆ ಅವರದು.

ಅಂಗಳದಲ್ಲಿ ಹೆಜ್ಜೆಗಳನ್ನು ಸುತ್ತು ಹಾಕುವುದನ್ನು ಮೊದಲು ಗಮನಿಸಿದವಳು ಟ್ರೆಲೋರ್ ಅವರ ಹೆಂಡತಿ ಹೆಸ್ಟರ್.

"ಏನೇ ಅದು? ನೆಲದಲ್ಲಿ ಹಾವು ಕಂಡವಳ ಹಾಗೆ ಮಾಡ್ತೀಯ?"

ಅಜ್ಜಿ ಹೇಳಲಿಲ್ಲ. ಹೆಸ್ಟರ್ ಮತ್ತೆ ಕೇಳಲೂ ಇಲ್ಲ. ಆದರೆ ಮರುದಿನದಿಂದ ಗಂಡಸರಿಗೆ ಬೀದಿ ಕಡೆಯ ಬಾಗಿಲಿನಿಂದಲೇ ಓಡಾಡಿ ಎಂದಳು. ಬಟ್ಟೆ ಒಣಗಿಸುವ ಜಾಗ ಸ್ವಚ್ಛ ನೆಲವಾಯಿತು. ಅದಾದ ಎಷ್ಟೋ ದಿನಕ್ಕೆ, ಸೋಪಿನ ನೊರೆಯಲ್ಲಿ ಕೈ ಅದ್ದಿಕೊಂಡು, ಅಜ್ಜಿ ತಾನಾಗಿ ಎಲ್ಲವನ್ನೂ ಹೇಳಿದಳು. ಹೆಸ್ಟರ್ ಗಂಡನನ್ನು ಕರೆದಳು.

"ಸತ್ತವನ ಹೆಸರೇನು?" ಎಂದು ಟ್ರೆಲೋರ್ ಕೇಳಿದರು.

"ಚಾರ್ಲಿ, ಯಜಮಾನ್ರೆ."

ಆ ಹೆಸರನ್ನಾದರೆ ಅವಳು ಎತ್ತಬಹುದಿತ್ತು. ಅದು ಅಣ್ಣನದ್ದಲ್ಲ, ಕ್ರಾಡಾಕನದು. ಟ್ರೆಲೋರ್ ಅದನ್ನೇ ಬರೆದುಕೊಂಡರು. ಬೇರೆ ಹೆಸರೂ ಇರಬಹುದೆಂದು ಅವರಿಗೆ ಹೊಳೆಯಲಿಲ್ಲ. ಒಳ್ಳೆಯವರೇ. ಆದರೆ ಚಾರ್ಲಿ ಎನ್ನುವುದು ಹೆಸರಲ್ಲ ಎಂದು ತಿಳಿಯಲು ಒಳ್ಳೆಯತನ ಸಾಲುತ್ತಿರಲಿಲ್ಲ.

"ಓಡಿಹೋದವರು ಎಲ್ಲಿದ್ದಾರೆ?" ಎಂಬ ತಲೆಬರಹದಲ್ಲಿ ಅಚ್ಚಾಯಿತು. ಆಲ್ಡರ್ಟನ್ ದೊರೆ ಮಾನಹಾನಿಯ ಮೊಕದ್ದಮೆ ಹೂಡಿದ. ಟ್ರೆಲೋರ್ ಸೋತರೆ ಅಚ್ಚುಯಂತ್ರ ಜಪ್ತಿಯಾಗುತ್ತದೆ, ಪತ್ರಿಕೆ ಮುಗಿಯುತ್ತದೆ. ಅಚ್ಚಿನ ಮೊಳೆ ಜೋಡಿಸುವ ಇಬ್ಬರು ಆಳುಗಳು ಆ ವಾರವೇ ಕೆಲಸ ಬಿಟ್ಟರು. ತೋಟದವರ ಅಂಗಡಿಯಲ್ಲಿ ಅವರಿಗೆ ಸಾಮಾನು ಕೊಡುವುದಿಲ್ಲ ಎಂದಿದ್ದರಂತೆ.

ಒಂದು ಮಧ್ಯಾಹ್ನ ಕುದುರೆಯ ಸದ್ದು ಅಂಗಳಕ್ಕೇ ಬಂತು.

"ಮೇರಿ," ಅಂದ ಕ್ರಾಡಾಕ್. "ಕಬ್ಬು ಮುಗಿದ್ಮೇಲೆ ಹಡಗು ಬರ್ತದೆ. ನಿಮ್ಮ ದ್ವೀಪಕ್ಕೆ."

ಅಜ್ಜಿ ಒದ್ದೆ ಬಟ್ಟೆಯನ್ನು ಎದೆಗೆ ಒತ್ತಿಕೊಂಡು ನಿಂತಳು.

"ಅಮ್ಮನ್ನ ನೋಡ್ಬೇಕು ಅಂತ ಆಸೆ ಇಲ್ವಾ?"

"ಇದೆ ಬಾಸ್."

"ಹಂಗಾದ್ರೆ ಕೋರ್ಟಿನ ದಿನ ನಿಂಗೆ ಹೊಟ್ಟೆನೋವು. ತಿಳೀತಾ? ಹೊಟ್ಟೆನೋವು ಬಂದೋರಿಗೆ ಹಡಗಲ್ಲಿ ಜಾಗ ಇರ್ತದೆ." ಹಗ್ಗದ ಮೇಲಿದ್ದ ಬಿಳಿ ಅಂಗಿಯೊಂದನ್ನು ಚಾವಟಿಯ ತುದಿಯಿಂದ ಎತ್ತಿ ಮಣ್ಣಿಗೆ ಹಾಕಿದ. "ನೋವು ಬರದೇ ಇದ್ದೋರಿಗೆ ಜವುಗಲ್ಲಿ ಬೇಕಾದಷ್ಟು ಜಾಗ ಇದೆ."

ಅವನು ಹೋದ. ಹೆಸ್ಟರ್ ಹೊರಗೆ ಬಂದಳು. ಅಂಗಿ ನೋಡಿದಳು. ಎತ್ತಿಕೊಂಡು ತಾನೇ ಒಗೆಯಲು ಕೂತಳು.

ಟ್ರೆಲೋರ್ ಅವರಿಗೆ ಅಷ್ಟು ತಾಳ್ಮೆಯಿರಲಿಲ್ಲ. ಅವರೂ ಹೆದರಿದ್ದರು. "ನೋಡು ವೆಮಾಲಿ, ನಾನೇ ಬರೆದ್ರೆ ಅದು ಮಾನಹಾನಿ. ಅದೇ ಮಾತು ನೀನು ಜಡ್ಜಿ ಮುಂದೆ ಹೇಳಿದ್ರೆ, ಕೋರ್ಟಲ್ಲಿ ಹೀಗೆ ಹೇಳಿದಳು ಅಂತ ನಾನು ಅಚ್ಚು ಹಾಕಬಹುದು. ಆಮೇಲೆ ಯಾವ ದೊರೆಯೂ ಅದನ್ನ ಮುಟ್ಟಕ್ಕಾಗಲ್ಲ. ನೀನು ಬರದೇ ಇದ್ರೆ ನಾನು ಮುಗಿದೆ."

"ಅವಳನ್ನ ಹೆದರಿಸ್ಬೇಡಿ," ಎಂದಳು ಹೆಸ್ಟರ್ ಬಟ್ಟೆ ಹಿಂಡುತ್ತಾ. "ಅದಕ್ಕೆ ಬೇರೆಯವರಿದ್ದಾರೆ."

*

ಕೋರ್ಟಿನ ದಿನ ಅಜ್ಜಿಗೆ ನಿಜವಾಗಿಯೂ ಹೊಟ್ಟೆನೋವು ಬಂತು. ಹೊಟ್ಟೆ ಹಿಡಿದುಕೊಂಡೇ ಹೋದಳು.

ನೆಲಕ್ಕೆ ಎಣ್ಣೆ ಹಚ್ಚಿದ್ದರು. ಬರಿಗಾಲಿನ ಗುರುತು ಬೀಳಬಾರದೆಂದು ಅವಳ ಕಾಲಕೆಳಗೆ ಗೋಣಿತಾಟು ಹಾಕಿದರು. ಬಿಳಿಯರು ಬೂಟಿನ ಕೆಸರಿನೊಂದಿಗೇ ಒಳಗೆ ಬಂದು ಕೂತರು. ನಮ್ಮ ಜನ ಹೊರಗೆ, ಬಾಗಿಲಾಚೆ, ಬಿಸಿಲಲ್ಲಿ ನಿಂತರು.

ದುಭಾಷಿ ಬೋಯೆ. ಅವನೂ ಆಂಬೆಯವನೇ, ನೆರೆತ ತಲೆಯವನು. ಪೇಟೆಯಲ್ಲಿ ಸೌದೆ ಒಡೆಯುತ್ತಿದ್ದ. ಅಜ್ಜಿ ಅವನನ್ನು ಮಾವ ಎನ್ನುತ್ತಿದ್ದಳು.

ಆಲ್ಡರ್ಟನ್ ಕಡೆಯ ವಕೀಲ ಎದ್ದ. ಇವಳಿಗೆ ಪ್ರಮಾಣದ ಅರ್ಥವೇ ಗೊತ್ತಿಲ್ಲ ಎಂದ. ಜಡ್ಜಿ, ಕೇಳಿ ನೋಡಿ ಎಂದರು.

"ಮೇರಿ, ಸುಳ್ಳು ಹೇಳಿದ್ರೆ ಎಲ್ಲಿಗೆ ಹೋಗ್ತೀಯ?" ವಕೀಲ ಕೇಳಿದ.

"ತೋಟಕ್ಕೆ."

"ಸರಿ. ನಿಜ ಹೇಳಿದ್ರೆ?"

ಅಜ್ಜಿ ಯೋಚಿಸಿದಳು. "ಆಗಲೂ ತೋಟಕ್ಕೇ."

ಎಲ್ಲರೂ ನಕ್ಕರು. ಜಡ್ಜಿ ನಗಲಿಲ್ಲ. ಸಾಕ್ಷಿ ಹೇಳಲಿ ಎಂದರು. ಅವಳು ನಡುಗುವುದನ್ನು ಕಂಡೋ ಏನೋ, ಕೆಳಗೆ ಕೂತಿದ್ದ ಗುಮಾಸ್ತ ಸದ್ದಿಲ್ಲದೆ ಕಟಕಟೆಯ ಪಕ್ಕದ ಕಿಟಕಿ ತೆರೆದ. ಸ್ವಲ್ಪ ಗಾಳಿ ಬಂತು. ಅಜ್ಜಿ ಇಂಥವನ್ನೆಲ್ಲ ಸಾಯುವ ತನಕ ನೆನಪಿಟ್ಟಿದ್ದಳು, ಅದಕ್ಕೇ ಬರೆಯುತ್ತಿದ್ದೇನೆ. ನ್ಯಾಯ ಸಿಗದ ಕಡೆ ಗಾಳಿಯೂ ನೆನಪಿರುತ್ತದೆ.

ಅವಳು ಹೇಳಿದಳು. ಹೆಜ್ಜೆ, ಕೈಗಾಡಿಯ ಗೆರೆ, ಗುಂಡಿ, ಸೋಗೆ. ಬೋಯೆ ಒಂದೊಂದನ್ನೂ ಮೆಲ್ಲಗೆ ಇಂಗ್ಲಿಷಿಗೆ ತಂದ.

"ಮುಖ ನೋಡಿದ್ಯಾ?" ವಕೀಲ ಕೇಳಿದ.

"ಪಾದ ನೋಡಿದೆ."

"ನಾನು ಕೇಳಿದ್ದು ಮುಖ."

"ಇಲ್ಲ."

"ಬದುಕಿದ್ದಾಗ ಅವನ ಮುಖ ಯಾವಾಗ ನೋಡಿದ್ದೆ?"

"ನಾನು ದೊಡ್ಡವಳಾದ ಮೇಲೆ ನೋಡಿಲ್ಲ."

ವಕೀಲ ಜ್ಯೂರಿಯವರ ಕಡೆಗೆ ತಿರುಗಿ ಕೈ ಚೆಲ್ಲಿದ. ತೀರ್ಪು ಕೊಡಲು ಕೂತ ಆ ಪಂಚರಲ್ಲಿ ಇಬ್ಬರಿಗೆ ಸ್ವಂತ ಕಬ್ಬಿನ ತೋಟವಿತ್ತು. ಅವರಲ್ಲೊಬ್ಬ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡು ನಕ್ಕ.

"ಸತ್ತವನು ಚಾರ್ಲಿ, ಅಲ್ವಾ? ಪತ್ರಿಕೇಲಿ ಹಾಗೇ ಇದೆ."

"ಹೌದು."

ವಕೀಲ ಬಾಗಿಲ ಕಡೆಗೆ ಕೈ ಮಾಡಿದ. ಕ್ರಾಡಾಕ್ ಒಬ್ಬನನ್ನು ತೋಳು ಹಿಡಿದು ಒಳಗೆ ತಂದ. ಹೊಸ ಅಂಗಿ ತೊಡಿಸಿದ್ದರು. ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ.

"ನಿನ್ನ ಹೆಸರೇನು?"

"ಚಾರ್ಲಿ," ಅಂದ ಆ ಮನುಷ್ಯ, ನೆಲ ನೋಡುತ್ತಾ.

"ಯಾರ ತೋಟ?"

"ಆಲ್ಡರ್ಟನ್ ದೊರೆದು."

"ಚಾರ್ಲಿ, ನೀನು ಸತ್ತಿದ್ದೀಯಾ?"

ಕೋರ್ಟಿಗೆ ಕೋರ್ಟೇ ನಕ್ಕಿತು. ಬೆಂಚು ತಟ್ಟಿದರು. ಆ ಮನುಷ್ಯ ಏನು ಹೇಳಬೇಕೋ ತಿಳಿಯದೆ ಕ್ರಾಡಾಕನ ಮುಖ ನೋಡಿದ. "ಇಲ್ಲ ಬಾಸ್," ಅಂದ.

ಟ್ರೆಲೋರ್ ಎದ್ದು ನಿಂತಿದ್ದರು. ಚಾರ್ಲಿ ಎಂದರೆ ಏನೆಂದು ಅವರಿಗೆ ಈಗ ತಿಳಿದಿತ್ತು.

ಜಡ್ಜಿ ಕೇಳಿದರು. "ನಿನ್ನ ಅಣ್ಣನಿಗೆ ಬೇರೆ ಹೆಸರಿದೆಯೇನಮ್ಮ? ಅವನ ಸ್ವಂತ ಹೆಸರು?"

ಬೋಯೆ ಅದನ್ನು ಅವಳಿಗೆ ಹೇಳಲಿಲ್ಲ. ಜಡ್ಜಿಯ ಕಡೆಗೇ ತಿರುಗಿದ. "ದೊರೆಗಳೆ, ಇವಳು ಅದನ್ನ ಹೇಳೋ ಹಂಗಿಲ್ಲ. ತಂಗಿ ಅವಳು. ನಂಗೆ ಗೊತ್ತು, ನಾನು ಹೇಳ್ತೀನಿ."

"ದುಭಾಷಿ ಸಾಕ್ಷಿಯಲ್ಲ," ಎಂದ ವಕೀಲ ಎದ್ದು. "ಅವನು ಹೇಳಿದ ಹೆಸರು ದಾಖಲೆಗೆ ಬರಬಾರದು."

ಜಡ್ಜಿ ಒಪ್ಪಬೇಕಾಯಿತು.

"ಮುಖ ನೋಡದ ಅಣ್ಣ," ವಕೀಲ ಬೆರಳು ಮಡಚುತ್ತಾ ಬಂದ. "ಹೆಸರು ಹೇಳದ ಅಣ್ಣ. ಇಂಥ ಅಣ್ಣ ಇದ್ದಾನೆ ಅಂತ ನಂಬೋದು ಹೇಗೆ? ಇಲ್ಲದವನನ್ನ ಹೂಳೋದಾದ್ರೂ ಹೇಗೆ?"

ಈ ಹೊತ್ತಿನ ಬಗ್ಗೆ ಅಜ್ಜಿ ನನಗೆ ಹೇಳಿದ್ದು ಒಂದೇ ಸಲ. ನಮ್ಮ ದ್ವೀಪದ ಬೆಟ್ಟದ ತುದಿಯಲ್ಲಿ ಕೆರೆಯಿದೆ. ಸತ್ತವರು ಅಲ್ಲಿಗೆ ಹೋಗುತ್ತಾರೆ. ತಂಗಿ ಹತ್ತು ಜನರೆದುರು ಹೆಸರೆತ್ತಿದರೆ ಬದುಕಿರುವ ಅಣ್ಣ ನಾಚಿಕೆಗೆ ಊರು ಬಿಡುತ್ತಾನೆ. ಸತ್ತ ಅಣ್ಣ ಎಲ್ಲಿಗೆ ಹೋಗಬೇಕು? ಕೆರೆಯವರೆಗೆ ಬಂದವನು ತಲೆ ಬಗ್ಗಿಸಿ ಹಿಂದಕ್ಕೆ ತಿರುಗಿದರೆ? ಅದು ಅವಳ ಹೆದರಿಕೆ. ಕ್ರಾಡಾಕನ ಚಾವಟಿಗಿಂತ ದೊಡ್ಡದು. ಹೆಸರೆತ್ತಿದವಳು ಊರಿಗೆ ಹೋಗಿ ಅಮ್ಮನೆದುರು ಹೇಗೆ ನಿಲ್ಲಬೇಕು? ಹೇಳದಿದ್ದರೆ ಅಣ್ಣ ಆ ಜವುಗಿನಲ್ಲಿ ಚಾರ್ಲಿಯಾಗಿ ಉಳಿಯುತ್ತಾನೆ. ಅದೂ ಸತ್ತ ಚಾರ್ಲಿಯಲ್ಲ. ಓಡಿಹೋದ ಚಾರ್ಲಿ.

ಅವಳು ಗೋಣಿತಾಟಿನ ಮೇಲಿದ್ದ ತನ್ನ ಕಾಲುಗಳನ್ನು ನೋಡಿಕೊಂಡಳು. ಆಮೇಲೆ ತಾಟಿನಿಂದ ಆಚೆ ಕಾಲಿಟ್ಟಳು. ಎಣ್ಣೆ ಹಚ್ಚಿದ ನೆಲದ ಮೇಲೆ ಬೆವರಿನ ಪಾದ ಮೂಡಿತು.

ಬೋಯೆ ಅದನ್ನು ಕಂಡ.

"ದೊರೆಗಳೆ," ಅಂದ, "ಗಂಟಲು ಒಣಗಿದೆ. ನೀರು ಕುಡಿದು ಬರ್ತೀನಿ."

"ದುಭಾಷಿ ಇಲ್ಲದೆ ಹೇಗಪ್ಪ?"

"ಒಂದು ಹೆಸರಿಗೆ ದುಭಾಷಿ ಬೇಕಾಗಲ್ಲ ದೊರೆಗಳೆ."

ಹೊರಗೆ ಹೋದ. ಹೋಗುವಾಗ ಬಾಗಿಲಾಚೆ ನಿಂತಿದ್ದ ಆಂಬೆಯವರನ್ನೂ ಕೈಬೀಸಿ ಕರೆದುಕೊಂಡು ಹೋದ. ಅವಳ ಬಾಯಿಂದ ಬರುವುದನ್ನು ಊರಿನ ಕಿವಿಯೊಂದೂ ಕೇಳಬಾರದು. ಅವನ ಕೈಯಲ್ಲಿ ಆಗುವ ಉಪಕಾರ ಅಷ್ಟೇ ಇತ್ತು, ಅದನ್ನು ಮಾಡಿದ.

ಅಜ್ಜಿ ಅಣ್ಣನ ಹೆಸರು ಹೇಳಿದಳು.

"ಏನು? ಕೇಳಿಸಲಿಲ್ಲ," ಎಂದ ವಕೀಲ.

ಮತ್ತೆ ಹೇಳಿದಳು.

"ಇದೇನು ಹೆಸರೋ, ಕೆಮ್ಮೋ? ಇನ್ನೊಂದ್ಸಲ."

ಮೂರನೆಯ ಸಲ ಅವಳು ಕಿರುಚಿದಳು. ಕಟಕಟೆಯ ಮರ ಹಿಡಿದುಕೊಂಡು, ಕಣ್ಣು ಮುಚ್ಚಿ, ಹೊಟ್ಟೆಯೊಳಗಿನಿಂದ. ಟ್ರೆಲೋರ್ ಅವರ ಪೆನ್ಸಿಲ್ ಓಡುತ್ತಿತ್ತು. ಅವಳು ಅಲ್ಲೇ ಕುಸಿದು ಕೂತಳು.

ನಗು ನಿಂತಿತ್ತು. ಹೊಸ ಅಂಗಿಯ ಮನುಷ್ಯ ಬಾಯಿ ಬಿಟ್ಟ. ಯಾರೂ ಅವನನ್ನು ಏನೂ ಕೇಳಿರಲಿಲ್ಲ.

"ನಾನು ಯೋಲು," ಅಂದ. "ತನ್ನಾ ಅನ್ನೋ ದ್ವೀಪದವನು. ನಾನು ಇವಳ ಅಣ್ಣ ಅಲ್ಲ. ಆ ಚಾರ್ಲಿ ಸತ್ತ. ಕೈಗಾಡಿ ತಳ್ಳಿದ್ದು ನಾನು."

ಕ್ರಾಡಾಕ್ ಎದ್ದ. ಜಡ್ಜಿ ಮೇಜು ಕುಟ್ಟಿದರು. ವಕೀಲ ಏನೇನೋ ಆಕ್ಷೇಪಿಸಿದ. ಯೋಲು ಮಾತ್ರ ಒಂದನ್ನೇ ಹೇಳುತ್ತಿದ್ದ: "ನಾನು ಯೋಲು. ಯೋಲು."

*

ಪಂಚರು ಒಳಗೆ ಹೋಗಿ ಒಂದು ಚುಟ್ಟಾ ಸೇದುವಷ್ಟು ಹೊತ್ತಿಗೆ ಹೊರಗೆ ಬಂದರು. ಆಲ್ಡರ್ಟನ್ ದೊರೆಗೆ ಮಾನಹಾನಿಯಾಗಿದೆ ಎಂದರು. ಕರಿಯರಿಬ್ಬರ ಕೂಗಾಟ ಸಾಕ್ಷಿಯಲ್ಲ ಎಂದರು. ದೊರೆಗೆ ಮಾನವಿತ್ತು. ಜವುಗಿನಲ್ಲಿದ್ದವರಿಗೆ ಪಾದಗಳಷ್ಟೇ ಇದ್ದವು.

ಯೋಲುವನ್ನು ಆ ಸಂಜೆಯೇ ತೋಟದ ಗಾಡಿಯಲ್ಲಿ ಕರೆದುಕೊಂಡು ಹೋದರು. ಅವನು ಏನಾದನೆಂದು ಅಜ್ಜಿಗೆ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ. ಎಷ್ಟು ಹುಡುಕಿದರೂ.

ಮರುದಿನ ಬೆಳಿಗ್ಗೆ ಟ್ರೆಲೋರ್ ಮೊಳೆ ಜೋಡಿಸಲು ಕೂತರು. ಆಳುಗಳಿಲ್ಲ. ಹೆಸ್ಟರ್ ಮಸಿ ಹಚ್ಚಿದಳು. ಯಂತ್ರದ ಕಬ್ಬಿಣದ ಹಿಡಿಕೆ ಎಳೆಯಲು ಗಂಡಸಿನ ತೋಳು ಬೇಕಿತ್ತು.

"ನಾನು ಎಳೀತೀನಿ ಅಮ್ಮ," ಎಂದಳು ಅಜ್ಜಿ.

ಮೂರು ವರ್ಷ ಕಬ್ಬಿನಲ್ಲಿ ದುಡಿದ ತೋಳು. ಎಳೆದಳು. ಹಾಳೆ ಬಂತು. ಮತ್ತೆ ಎಳೆದಳು. ಅವಳಿಗೆ ಓದಲು ಬರುತ್ತಿರಲಿಲ್ಲ. "ಎಲ್ಲಿದ್ದಾನೆ?" ಎಂದಷ್ಟೇ ಕೇಳಿದಳು. ಹೆಸ್ಟರ್ ಬೆರಳಿಟ್ಟು ತೋರಿಸಿದಳು. ಅಲ್ಲಿ ಅಣ್ಣನ ಹೆಸರಿತ್ತು. ಕೆಳಗೆ ಯೋಲು. ನ್ಯಾಯಾಲಯದಲ್ಲಿ ಹೇಳಿದ್ದು ಹೇಳಿದ ಹಾಗೇ. ಅದರ ಮೇಲೆ ಯಾರೂ ಮೊಕದ್ದಮೆ ಹೂಡುವಂತಿರಲಿಲ್ಲ.

ಜಪ್ತಿಗೆ ಅಮೀನ ಬಂದಾಗ ಹಾಳೆಗಳು ಇನ್ನೂ ಅರ್ಧ ಬಾಕಿ. ಕುದುರೆಯ ಸದ್ದಿಗೆ ಅಜ್ಜಿಯ ಕೈ ಹಿಡಿಕೆಯ ಮೇಲೇ ಮರಗಟ್ಟಿತು. ಅಮೀನ ಬಾಗಿಲಲ್ಲಿ ನಿಂತು ಒಳಗೆ ನೋಡಿದ. ಮಸಿಯಾದ ಇಬ್ಬರು ಹೆಂಗಸರನ್ನು ನೋಡಿದ. ಹಗ್ಗದ ಮೇಲೆ ಒಣಗುತ್ತಿದ್ದ ಹಾಳೆಯೊಂದನ್ನು ಓದಿದ.

"ನಂದಿನ್ನೂ ಊಟ ಆಗಿಲ್ಲ," ಅಂದ. ಹೋಗಿ ಮಾವಿನ ಮರದ ಕೆಳಗೆ ಕೂತು, ಬುತ್ತಿ ಬಿಚ್ಚಿದ. ರೊಟ್ಟಿಯನ್ನು ಅಷ್ಟು ನಿಧಾನವಾಗಿ ತಿಂದವರನ್ನು ತಾನು ಕಂಡಿಲ್ಲ ಎನ್ನುತ್ತಿದ್ದಳು ಅಜ್ಜಿ.

ಕೊನೆಯ ಹಾಳೆ ಎಳೆದ ಮೇಲೆ ಅವನು ಕೈ ತೊಳೆದುಕೊಂಡು ಬಂದು ಯಂತ್ರವನ್ನು ಗಾಡಿಗೆ ಹೇರಿಸಿದ. ಪತ್ರಿಕೆ ಮತ್ತೆ ಹೊರಡಲಿಲ್ಲ.

ಕಬ್ಬು ಮುಗಿದ ಮೇಲೆ ಹಡಗು ಬಂತು. ಕ್ರಾಡಾಕನ ಮಾತು ಕ್ರಾಡಾಕನದು. ಕರಾರು ಮುಗಿದವರನ್ನು ಹತ್ತಿಸಿಕೊಳ್ಳಲೇಬೇಕೆಂಬ ಕಾನೂನಿತ್ತು. ಗುಮಾಸ್ತನೇ ಖುದ್ದಾಗಿ ಬಂದು ಅವಳ ಹೆಸರು ಸೇರಿಸಿದ್ದೇನೆಂದು ಹೇಳಿ ಹೋದ. ಮೇರಿ ಅಂತ ಅಲ್ಲ, ವೆಮಾಲಿ ಅಂತಲೇ.

ಬೋಯೆ ಗಂಟು ಕಟ್ಟಿಕೊಂಡು ಕರೆಯಲು ಬಂದ.

"ನಡಿ ಮಗಳೇ. ಅಮ್ಮ ಕಾಯ್ತಿರ್ತಾಳೆ."

"ನಾನು ಬರಲ್ಲ ಮಾವ."

"ಯಾಕೆ? ಅವತ್ತು ನಾನು ಹೊರಗಿದ್ದೆ. ನಮ್ಮೋರು ಯಾರೂ ಒಳಗಿರ್ಲಿಲ್ಲ. ನೀನು ಏನಂದ್ಯೋ ಯಾರೂ ಕೇಳಿಲ್ಲ."

"ನಾನು ಕೇಳಿಸ್ಕೊಂಡೆ," ಎಂದಳು ಅಜ್ಜಿ.

ಅವಳು ಇಲ್ಲೇ ಉಳಿದಳು. ಇಲ್ಲೇ ಮದುವೆಯಾದಳು, ಇಲ್ಲೇ ಹೆತ್ತಳು. ಮುಂದೆ ದ್ವೀಪಗಳಿಂದ ತಂದಿದ್ದ ಕರಿಯರನ್ನೆಲ್ಲ ಹಡಗಿಗೆ ತುಂಬಿ ಓಡಿಸಿದ ವರ್ಷಗಳಲ್ಲೂ ಹೇಗೋ ಅಂಟಿಕೊಂಡು ಉಳಿದಳು. ನಾನು ಓದಲು ಕಲಿತ ವರ್ಷ ಟ್ರಂಕಿನಿಂದ ಆ ಹಾಳೆ ತೆಗೆದು ಕೊಟ್ಟಳು. ಗಟ್ಟಿಯಾಗಿ ಓದು ಎಂದಳು. ಆಮೇಲೆ ಎದ್ದು ಹೊರಗೆ ಹೋದಳು. ದೂರ, ನನ್ನ ದನಿ ಮುಟ್ಟದಷ್ಟು ದೂರ, ಕೋಳಿಗೂಡಿನ ಹತ್ತಿರ ಬೆನ್ನು ತಿರುಗಿಸಿ ನಿಂತಳು. ನಾನು ಓದಿ ಮುಗಿಸುವ ತನಕ ನಿಂತೇ ಇದ್ದಳು.

ಆ ಜವುಗಿನ ಮೇಲೆ ಈಗ ಕಬ್ಬು ಬೆಳೆಯುತ್ತದೆ. ಕಲ್ಲಿಲ್ಲ, ಗುರುತಿಲ್ಲ. ಸಕ್ಕರೆಯ ಊರೆಂದು ಫಲಕ ಹಾಕಿದ್ದಾರೆ. ತೋಟದ ಚರಿತ್ರೆಯನ್ನು ಬರೆದವರು ಆ ವರ್ಷ ಕೆಲವು ಆಳುಗಳು ಓಡಿಹೋದರು ಎಂದೇ ಬರೆದಿದ್ದಾರೆ.

ಓಡಿಹೋಗಲಿಲ್ಲ. ಅವನ ಹೆಸರು ಗರೈಬಾನಿ. ನಾನು ಅವನ ತಂಗಿಯಲ್ಲ, ತಂಗಿಯ ಮೊಮ್ಮಗಳು. ನಾನು ಹೇಳಬಹುದು.